ರೋಚಕ ಕಾದಂಬರಿಗೆ ಪ್ರಾಮಾಣಿಕ ಅಭಿಪ್ರಾಯ ಬರೆಯುವ ಬಗೆ

ಹೊಸ ಪತ್ತೇದಾರಿ ಕಾದಂಬರಿಯನ್ನು ಓದಲು ಕುಳಿತಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಅಪರಾಧಿ ಯಾರೆಂಬ ಅನುಮಾನ ಮೊದಲು ಮೂಡಿದ ಪುಟವನ್ನು ಆಗಲೇ ಗುರುತು ಮಾಡಿಕೊಳ್ಳಬೇಕು. ಏಕೆಂದರೆ ಪುಸ್ತಕ ಮುಗಿದ ಮೇಲೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಮನಸ್ಸು ಸುಳ್ಳು ಹೇಳುತ್ತದೆ. ಆಮೇಲೆ ಹಿಂದಿರುಗಿ ಸುಳಿವುಗಳನ್ನು ಹುಡುಕಿ. ಕೊನೆಯ ಅಧ್ಯಾಯದಲ್ಲಿ ಏಕಾಏಕಿ ಹುಟ್ಟಿಕೊಂಡ ಅವಳಿ ಸಹೋದರನೇ ಕೊಲೆಗಾರನಾಗಿದ್ದರೆ, ಅದು ಓದುಗನಿಗೆ ಮಾಡಿದ ಮೋಸವೆಂದು ಮುಲಾಜಿಲ್ಲದೆ ಬರೆಯಿರಿ.

ಭಯಾನಕ ಕಾದಂಬರಿಯ ಅಳತೆಗೋಲು ಬೇರೆ. ಅಲ್ಲಿ ದೆವ್ವಕ್ಕಿಂತ ಮೊದಲು ಸ್ಥಳವನ್ನು ನಂಬಿಸಬೇಕು. ಕಥೆ ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ನಡೆಯುವುದಾದರೆ, ಲೇಖಕರು ಆ ಏಳು ಸುತ್ತುಗಳನ್ನು ಹತ್ತಿದ್ದಾರೆಯೇ ಅಥವಾ ಚಿತ್ರ ನೋಡಿ ಬರೆದಿದ್ದಾರೆಯೇ ಎಂಬುದು ಎರಡೇ ಪುಟಗಳಲ್ಲಿ ತಿಳಿಯುತ್ತದೆ. ಮೈ ಮುದುಡಿಕೊಂಡು ನುಸುಳಬೇಕಾದ ಓಬವ್ವನ ಕಿಂಡಿಯಲ್ಲಿ ನಾಲ್ವರು ಒಟ್ಟಾಗಿ ಓಡಿಬಂದರೆ ನಮ್ಮೂರಿನವರಿಗೆ ನಗು ಬರುತ್ತದೆ. ಬದಲಿಗೆ, ಹಗಲೆಲ್ಲ ಬಿಸಿಲುಂಡ ಬಂಡೆ ಕತ್ತಲಾದ ಮೇಲೂ ಅಂಗೈಗೆ ಬೆಚ್ಚಗೆ ತಾಗುವುದನ್ನು ಬರೆದಿದ್ದರೆ, ಆ ಬೆಚ್ಚನೆಯ ಸ್ಪರ್ಶವೇ ಮುಂದಿನ ನಡುಕಕ್ಕೆ ನೆಲ ಹದಮಾಡುತ್ತದೆ. ರಕ್ತದ ಪ್ರಮಾಣವನ್ನು ಭಯವೆಂದು ಎಣಿಸಬೇಡಿ. (ಮಧ್ಯಾಹ್ನ ಓದಿದರೂ ಹೆದರಿಸುವ ಪುಸ್ತಕಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.)

ಬರೆಯುವಾಗ ಕಥೆಯ ಮೊದಲ ಕಾಲುಭಾಗವನ್ನು ಮಾತ್ರ ತಿಳಿಸಿ. ಮುದ್ರಣದೋಷಗಳಿಗೆ ಒಂದು ಸಾಲು ಸಾಕು. ಲೇಖಕರು ಪರಿಚಿತರಾಗಿದ್ದರೆ ಅದನ್ನು ಮೊದಲ ಸಾಲಿನಲ್ಲಿಯೇ ಹೇಳಿಬಿಡಿ.