ಮಾತ್ರೆ ತಪ್ಪಿಸಿದಿರಾ, ತಪ್ಪಿಹೋಯಿತಾ?

ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ನಡುವೆ ಯಾಕೆ ನಿಲ್ಲಿಸುತ್ತಾರೆ? ಇದನ್ನು ತಿಳಿಯಲು ನಾವೊಂದು ಸಣ್ಣ ಅಧ್ಯಯನ ಮಾಡಿದೆವು. ನಾನು ಸಮಾಜ ಕಾರ್ಯಕರ್ತೆ, ಪ್ರಶ್ನೆಪಟ್ಟಿ ಬರೆದವಳು ನಾನೇ. ಒಮ್ಮೆ ನೋಡಿ ಹೇಳಿ ಅಂತ ಏಳು ಜನರನ್ನು ಕರೆದೆ. ನಾಲ್ವರು ಚಿಕಿತ್ಸೆಯಲ್ಲಿದ್ದವರು, ಮೂವರು ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುವವರು.

ಮೊದಲ ಪ್ರಶ್ನೆಯಲ್ಲೇ ನಿಂತೆವು. 'ಕಳೆದ ತಿಂಗಳು ಎಷ್ಟು ದಿನ ಮಾತ್ರೆ ತಪ್ಪಿಸಿದ್ದೀರಿ?' ಅಂತ ಬರೆದಿದ್ದೆ. ತೋಟದ ಲೈನ್ ಮನೆಯಿಂದ ಬಂದಿದ್ದ ಒಬ್ಬರು, "ತಪ್ಪಿಸಿದ್ದೀರಿ ಅಂದ್ರೆ ಕಳ್ಳಾಟ ಆಡಿದ ಹಾಗೆ ಕೇಳುತ್ತೆ ಮೇಡಂ. ತಪ್ಪಿಹೋಯ್ತಾ ಅಂತ ಕೇಳಿ, ನಿಜ ಹೇಳ್ತೀನಿ" ಅಂದರು. ಅಷ್ಟು ವರ್ಷ ನಾನು ಹಾಗೇ ಕೇಳುತ್ತಾ ಬಂದಿದ್ದೆ. ಎಷ್ಟು ಜನ ನನಗೆ ಸುಳ್ಳು ಹೇಳಿ ಕಳಿಸಿದ್ದರೋ!

ಕಾರಣಗಳ ಪಟ್ಟಿಯೂ ಬದಲಾಯಿತು. ಮರೆವು, ಅಡ್ಡಪರಿಣಾಮ, ನಂಬಿಕೆ ಇಲ್ಲ ಅಂತ ನಾನು ಬರೆದಿದ್ದೆ. ಅವರು ಹೇಳಿದ್ದು ಕಾಫಿ ಹಣ್ಣಿನ ಲೆಕ್ಕ. ಕುಯ್ಲಿನ ಕಾಲದಲ್ಲಿ ಎಷ್ಟೋ ತೋಟಗಳಲ್ಲಿ ಕೂಲಿ ಕೆಜಿ ಲೆಕ್ಕ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆಯೂ ಇಳಿಯದಿದ್ದರೆ ಚೀಲ ತುಂಬುವುದಿಲ್ಲ. ಅದಕ್ಕೇ ಆ ಎರಡು ಮೂರು ತಿಂಗಳು ಮಾತ್ರೆ ಪಕ್ಕಕ್ಕಿಡುತ್ತಾರೆ. ಇದನ್ನು ಮರೆವು ಅನ್ನಲಾಗುತ್ತಾ?

ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದು ನನ್ನ ತಪ್ಪು. ಮಗನನ್ನು ಕೇಳಿದರೆ ತಾಯಿ ಉತ್ತರ ಕೊಡುತ್ತಿದ್ದರು. ಒಪ್ಪಿಗೆ ಪತ್ರ ಕೊಟ್ಟಾಗಲೂ "ನಾನೇ ಹಾಕ್ತೀನಿ ಬಿಡಿ" ಅಂತ ಪೆನ್ನು ತೆಗೆದುಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಂಶೋಧನೆಗೆ ಆ ವ್ಯಕ್ತಿಯದೇ ಒಪ್ಪಿಗೆ ಬೇಕು ಅಂತ ವಿವರಿಸಿದೆ. ಮಗ ನಿಧಾನವಾಗಿ ಓದಿ, ಎರಡು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದರು.

ಮುಂದಿನ ಸಲದಿಂದ ಬೇರೆ ಬೇರೆ ಕೂತೆವು. ನೋಡಿಕೊಳ್ಳುವವರ ಗುಂಪಿನಲ್ಲಿ ಒಬ್ಬ ತಾಯಿ ತಲೆ ತಗ್ಗಿಸಿ ಹೇಳಿದರು: "ಬೆಳಗಿನ ಕಾಫಿಗೆ ಮಾತ್ರೆ ಕರಗಿಸಿ ಕೊಡ್ತೀನಿ. ಅವನಿಗೆ ಗೊತ್ತಿಲ್ಲ." ಇನ್ನೊಬ್ಬರು ಸುಮ್ಮನೆ ಅವರ ಕೈ ಹಿಡಿದುಕೊಂಡರು. ಅವರ ಮನೆಯಲ್ಲೂ ಅದೇ. ಆ ದಿನ ಪ್ರಶ್ನೆಪಟ್ಟಿ ಮುಚ್ಚಿಟ್ಟೆ. ಹೇಳದೆ ಔಷಧಿ ಕೊಡುವುದು ಸರಿಯಲ್ಲ. ಗೊತ್ತಾದ ದಿನ ಅವನು ಕಾಫಿಯನ್ನೂ ನಂಬುವುದಿಲ್ಲ, ಅಮ್ಮನನ್ನೂ ನಂಬುವುದಿಲ್ಲ. ಆದರೆ ಆ ತಾಯಿ ಕಂಡ ರಾತ್ರಿಗಳನ್ನು ನಾನು ಕಂಡಿಲ್ಲ. ಡಾಕ್ಟರ ಹತ್ತಿರ ಇದನ್ನು ಮಾತಾಡೋಣ ಬನ್ನಿ, ನಾನೂ ಜೊತೆಗಿರುತ್ತೇನೆ ಅಂದೆ. ಮೂರು ವಾರ ಬಿಟ್ಟು ಬಂದರು. 'ಅವರಿಗೆ ತಿಳಿಯದಂತೆ ಮಾತ್ರೆ ಕೊಡಬೇಕಾಗಿ ಬಂದಿದೆಯಾ?' ಎಂಬ ಪ್ರಶ್ನೆ ನೋಡಿಕೊಳ್ಳುವವರ ಪಟ್ಟಿಗೆ ಸೇರಿದ್ದು ಹೀಗೆ. ನಾನೊಬ್ಬಳೇ ಕೂತು ಬರೆದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ಇಂಥ ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಮಾತು. ಸಭೆಗೆ ಬಂದವರಿಗೆ ಬಸ್ ಚಾರ್ಜ್ ಮಾತ್ರ ಸಾಲದು, ಆ ದಿನದ ಕೂಲಿಯನ್ನೂ ಕೊಡಬೇಕು. ಅವರು ಕೊಡುವುದು ಕೆಲಸವೇ ಅಲ್ವಾ? ಬಜೆಟ್‌ನಲ್ಲಿ ಅದನ್ನು ಮೊದಲೇ ಬರೆಯಿರಿ. ನಾನು ಬರೆದಿರಲಿಲ್ಲ, ಹಾಗಾಗಿ ಬಹಳ ಓಡಾಡಬೇಕಾಯಿತು. ಸಭೆ ಆಸ್ಪತ್ರೆಯೊಳಗೆ ಬೇಡ. ಅಲ್ಲಿ ಡಾಕ್ಟರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಷ್ಟವಾಗಿದ್ದು ನಾನು ತಡವಾಗಿ ಕರೆದಿದ್ದರಿಂದ. ಅಧ್ಯಯನದಿಂದ ಜನರಿಗೆ ತೊಂದರೆಯಾಗದಂತೆ ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಆಗಲೇ ಸಿಕ್ಕಿತ್ತು. ಪ್ರಶ್ನೆ ಬದಲಿಸಿದಾಗಲೆಲ್ಲ ಮತ್ತೆ ಅರ್ಜಿ, ಮತ್ತೆ ಕಾಯುವುದು.

ಹೊಸ ಅಧ್ಯಯನಕ್ಕೆ ಇನ್ನೂ ಒಂದು ಸಾಲೂ ಬರೆದಿಲ್ಲ. ಏನು ಕೇಳಬೇಕು ಅನ್ನುವುದನ್ನು ಆ ಏಳು ಜನರ ಜೊತೆ ಕೂತೇ ಬರೆಯುತ್ತೇವೆ. ಕುಯ್ಲು ಮುಗಿದ ಮೇಲೆ ಬರುತ್ತೇವೆ ಅಂದಿದ್ದಾರೆ.