ಕೆಂಪು ಗಂಜಲಕ್ಕೆ 21 ದಿನದ ಪೆನಿಸಿಲಿನ್: ನನ್ನ ಅನುಭವ

ಮಲೆನಾಡಿನಲ್ಲಿ ಹಸು ಕೆಂಪಗೆ ಗಂಜಲ ಹೊಯ್ದರೆ ದನಗಳಿಗೆ ಚಿಕಿತ್ಸೆ ಮಾಡುವ ನಮ್ಮ ಕೈ ಮೊದಲು ಹೋಗುವುದು ಬೆಬೆಸಿಯಾಕ್ಕೆ ಹಾಕುವ ಬೆರೆನಿಲ್ ಸೂಜಿಯ ಕಡೆಗೆ. ಉಣ್ಣೆಯಿಂದ ಹರಡುವ ಈ ರಕ್ತದ ಪರೋಪಜೀವಿ ಇಲ್ಲಿ ಅಷ್ಟು ಜಾಸ್ತಿ. ನಾನೂ ಹಾಗೇ ಮಾಡಿ ಒಂದು ಹಸು ಕಳೆದುಕೊಂಡೆ. ತೀರ್ಥಹಳ್ಳಿ ಕಡೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ, ಕರು ಹಾಕಿ ಎರಡು ತಿಂಗಳಾಗಿತ್ತು. ಬೆರೆನಿಲ್ ಎರಡು ಸಲ ಹಾಕಿದೆ, ಆಮೇಲೆ ಮೂರು ದಿನ ಆಂಟಿಬಯೋಟಿಕ್. ಗಂಜಲ ತಿಳಿಯಾಯಿತು, ನಿಲ್ಲಿಸಿದೆ. ಹದಿನೈದು ದಿನಕ್ಕೆ ಮತ್ತೆ ರಕ್ತ. ಸತ್ತ ಮೇಲೆ ಕೊಯ್ದು ನೋಡಿದರೆ ಎರಡೂ ಮೂತ್ರಪಿಂಡದ ತುಂಬಾ ಕೀವು. ಆ ಮನೆಯವರ ಮುಂದೆ ನಿಂತದ್ದು ಇನ್ನೂ ಮರೆತಿಲ್ಲ.

ಅಲ್ಲಿಂದ ಒಂದು ಗಾಜಿನ ಬಾಟಲಿ ನನ್ನ ಬ್ಯಾಗಿನಲ್ಲೇ ಇರುತ್ತದೆ. ಗಂಜಲ ಹಿಡಿದು ಒಂದೆರಡು ಗಂಟೆ ಅಲ್ಲಾಡಿಸದೆ ಇಡಿ. ಮೇಲೆ ತಿಳಿ, ತಳದಲ್ಲಿ ಕೆಂಪು ಗಸಿ, ಜೊತೆಗೆ ಕೀವು ನಿಂತರೆ ಮೂತ್ರಪಿಂಡದ ಸೋಂಕಿನ ಕಡೆ ನೋಡಿ. ಡಿಕಾಕ್ಷನ್ ಹಾಗೆ ಪೂರ್ತಿ ಒಂದೇ ಬಣ್ಣ ಉಳಿದರೆ ಬೆಬೆಸಿಯಾದಂಥ ರೋಗಗಳ ಕಡೆ ನೋಡಿ. ಆಮೇಲೆ ರೆಕ್ಟಲ್, ಅಂದರೆ ಗುದದ್ವಾರದೊಳಗೆ ಕೈ ಹಾಕಿ ಮುಟ್ಟಿ ನೋಡುವುದು. ಎಡ ಮೂತ್ರಪಿಂಡ ಕೈಗೆ ಸಿಗುತ್ತದಲ್ವಾ? ಅದು ಊದಿ, ಗುಂಡುಗುಂಡು ಭಾಗಗಳು ಅಳಿಸಿಹೋಗಿ, ಮುಟ್ಟಿದ ಕೂಡಲೇ ಹಸು ಒದ್ದಾಡಿದರೆ ನನಗೆ ಅನುಮಾನ ಉಳಿಯುವುದಿಲ್ಲ.

ಇದೇ ಸೋಂಕು ಬಂದ ಮುಂದಿನ ಹಸುವಿಗೆ ಪ್ರೊಕೇನ್ ಪೆನಿಸಿಲಿನ್, ಮೈತೂಕದ ಕಿಲೋಗೆ 22,000 ಯೂನಿಟ್, ದಿನಾ ಒಂದು ಸಲ, 21 ದಿನ ಎಂದೆ. 400 ಕಿಲೋ ಹಸುವಿಗೆ ದಿನಕ್ಕೆ 40 ಲಕ್ಷ ಯೂನಿಟ್‌ನ ವಯಲ್ ಎರಡಕ್ಕಿಂತ ಸ್ವಲ್ಪ ಜಾಸ್ತಿ ಬೇಕು. "ಇಷ್ಟು ದಿನ ಯಾರು ಹಾಕಿಸ್ತಾರೆ? ಹೊಸ ಔಷಧಿ ಮೂರು ದಿನ ಹಾಕಿ ಮುಗಿಸಿ" ಅಂದರು ಜೊತೆಯವರು. ಔಷಧಿಗೆ ಎರಡು ಸಾವಿರ ಚಿಲ್ಲರೆ ಆಯಿತು. ದೊಡ್ಡ ಪೆಟ್ಟು ಬಿದ್ದದ್ದು ಹಾಲಿನಲ್ಲಿ. ಔಷಧಿ ಹಾಲಿನಲ್ಲಿ ಬರುವುದರಿಂದ ಕೊನೆಯ ಸೂಜಿಯ ನಂತರವೂ ಕೆಲವು ದಿನ ಡೈರಿಗೆ ಹಾಕುವಂತಿಲ್ಲ. ಆರು ಲೀಟರಿನಂತೆ 25 ದಿನ, ಸುಮಾರು ಐದು ಸಾವಿರ ಹೋಯಿತು. ಐದನೇ ದಿನ ಗಂಜಲ ತಿಳಿಯಾದಾಗ ಮನೆಯವರು ಸಾಕು ಅಂದರು. ಸತ್ತ ಹಸುವಿನ ಕಥೆ ಹೇಳಿದೆ, ಒಪ್ಪಿದರು. ಎರಡು ತಿಂಗಳಲ್ಲಿ ಹಾಲು ಹನ್ನೊಂದು ಲೀಟರಿಗೆ ಬಂತು, ಮುಂದಿನ ವರ್ಷ ಕರುವನ್ನೂ ಹಾಕಿತು. ಈವರೆಗೆ ಹೀಗೆ ಚಿಕಿತ್ಸೆ ಮಾಡಿದ ಒಂಬತ್ತು ಹಸುಗಳಲ್ಲಿ ಏಳು ಉಳಿದಿವೆ. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಡೋಸ್ ಕೇಳುತ್ತಾರೆ.

ಒಂದು ಹಸುವಿನಲ್ಲಿ ಎಂಟು ದಿನ ಸುಮ್ನೆ ಹಾಳಾಯಿತು. ಗಂಜಲದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿದರೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ, ಪೆನಿಸಿಲಿನ್‌ಗೆ ಬಗ್ಗುವುದಲ್ಲ. ಔಷಧಿ ಬದಲಿಸುವಷ್ಟರಲ್ಲಿ ತಡವಾಗಿತ್ತು. ಈಗ ಮೊದಲ ಸೂಜಿಗೆ ಮುಂಚೆಯೇ ಸ್ಯಾಂಪಲ್ ತೆಗೆದು ಗ್ರಾಮ್ ಸ್ಟೇನ್ ಮಾಡುತ್ತೇನೆ, ಅಂದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಚೀನಿ ಅಕ್ಷರದ ಹಾಗೆ ಜೋಡಿಸಿಕೊಂಡ ನೀಲಿ ಕಡ್ಡಿಗಳು ಕಂಡರೆ ಈ ಮೂತ್ರಪಿಂಡದ ಸೋಂಕು ತರುವ, ಪೆನಿಸಿಲಿನ್‌ಗೆ ಬಗ್ಗುವ ಕೊರಿನೆಬ್ಯಾಕ್ಟೀರಿಯಂ ಎಂದು ಧೈರ್ಯವಾಗಿ ಪೆನಿಸಿಲಿನ್ ಶುರು ಮಾಡುತ್ತೇನೆ.

ಗಂಜಲದ ಕ್ಷಾರ ಇಳಿಸಲು ಎರಡು ಹಸುಗಳಿಗೆ ಅಮೋನಿಯಂ ಕ್ಲೋರೈಡ್ ಬೆಲ್ಲದಲ್ಲಿ ಕಲಸಿ ಕೊಟ್ಟು ನೋಡಿದೆ. ಗಂಜಲದ ಪಿಎಚ್ 9ರ ಹತ್ತಿರದಿಂದ 7ಕ್ಕೆ ಇಳಿಯಿತು, ಆದರೆ ಗುಣ ಬೇಗ ಆದಂತೇನೂ ಕಾಣಲಿಲ್ಲ. ಒಂದು ಮನೆಯಲ್ಲಿ ಅಜ್ಜಿ ಬಾಳೆದಿಂಡಿನ ರಸ ಕುಡಿಸಿದರು. ನಾನು ತಡೆಯಲಿಲ್ಲ, ಸೂಜಿ ಮಾತ್ರ ನಿಲ್ಲಿಸಬೇಡಿ ಅಂದೆ.

ಈಗ ಹೊಸನಗರದ ಹತ್ತಿರ ಒಂದು ಹಸು 13ನೇ ದಿನದಲ್ಲಿದೆ. ಗಂಜಲ ಕಣ್ಣಿಗೆ ತಿಳಿಯಾಗಿದೆ, ಗಂಜಲದಲ್ಲಿ ಅದ್ದಿ ನೋಡುವ ಪರೀಕ್ಷಾ ಸ್ಟ್ರಿಪ್ ಇನ್ನೂ ರಕ್ತ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಅಲ್ಲಿಗೆ ಹೋಗಬೇಕು.