ಎರಡನೇ ದಿನದ ರಕ್ತ

ಚಿತ್ರದುರ್ಗದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಫಿಸಿಷಿಯನ್. ಹದಿನಾರು ಬೆಡ್, ಒಂದು ಲ್ಯಾಬ್. ವೆಂಟಿಲೇಟರ್ ಇರುವ ಐಸಿಯು ಬೇಕು ಅಂದರೆ ದಾವಣಗೆರೆಗೆ ಕಳಿಸುತ್ತೇವೆ, ಹೈವೇಯಲ್ಲಿ ಸುಮಾರು ಒಂದು ಗಂಟೆ ದಾರಿ. ಹಾಗಾಗಿ ಪ್ಯಾಂಕ್ರಿಯಾಸ್ (ಹೊಟ್ಟೆಯ ಹಿಂದಿರುವ ಮೇದೋಜೀರಕ ಗ್ರಂಥಿ) ಊದಿಕೊಂಡ ಪೇಷಂಟ್ ಬಂದಾಗಲೆಲ್ಲ ನನ್ನ ತಲೆಯಲ್ಲಿ ಓಡುವುದು ಒಂದೇ ಪ್ರಶ್ನೆ. ಇವರನ್ನು ಇಲ್ಲೇ ಇಟ್ಟುಕೊಳ್ಳಲಾ, ಕಳಿಸಿಬಿಡಲಾ?

ಮನೆಯವರು ಕೇಳುವುದು ಮಾತ್ರ ಲೈಪೇಸ್ ಬಗ್ಗೆ, ಅಂದರೆ ಪ್ಯಾಂಕ್ರಿಯಾಸ್‌ನಿಂದ ರಕ್ತಕ್ಕೆ ಸೋರುವ ಜೀರ್ಣರಸದ ಬಗ್ಗೆ. "ಸರ್, ಅರವತ್ತರೊಳಗೆ ಇರಬೇಕು ಅಂತ ಬರೆದಿದೆ, ಇವಳಿಗೆ ಎರಡು ಸಾವಿರದ ನಾನೂರು ಬಂದೈತೆ, ಉಳೀತಾಳಾ?" ಹೊಳಲ್ಕೆರೆ ಕಡೆಯ ಒಬ್ಬ ತಂದೆ ರಿಪೋರ್ಟ್ ಹಿಡಿದು ಹೀಗೆ ಕೇಳಿದ್ದರು. ಕೈ ನಡುಗುತ್ತಿತ್ತು. ಲೈಪೇಸ್ ಇರಬೇಕಾದ್ದಕ್ಕಿಂತ ಮೂರು ಪಟ್ಟು ದಾಟಿದರೆ, ಜೊತೆಗೆ ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ಜಾತಿಯ ನೋವೂ ಇದ್ದರೆ, ಕಾಯಿಲೆ ಇದೇ ಅಂತ ಹೇಳಬಹುದು. ಅಷ್ಟಕ್ಕೇ ಅದರ ಕೆಲಸ ಮುಗಿಯಿತು. ಎಷ್ಟು ಜೋರಾಗಿದೆ, ಮುಂದೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಆ ಹುಡುಗಿಗೆ ಪಿತ್ತಕೋಶದ ಕಲ್ಲಿತ್ತು, ಲಿವರ್ ಪರೀಕ್ಷೆಯಾದ ಎಎಲ್‌ಟಿಯೂ ಮೂರು ಪಟ್ಟು ಏರಿತ್ತು. ಮೂರನೇ ದಿನ ಗಂಜಿ ಕುಡಿದಳು. ಕಲ್ಲು ಮತ್ತೆ ತೊಂದರೆ ಕೊಡುವ ಮೊದಲೇ ಪಿತ್ತಕೋಶ ತೆಗೆಸಿ ಅಂತ ಸರ್ಜನ್ ಹತ್ತಿರ ಕಳಿಸಿದೆ. ಲೈಪೇಸ್ ಅನ್ನು ನಾನು ದಿನಾ ಮಾಡಿಸುವುದೇ ಇಲ್ಲ. ಸುಮ್ನೆ ದುಡ್ಡು ದಂಡ, ಮನೆಯವರಿಗೆ ಭಯ ಬೇರೆ.

ಅದರ ಬದಲು ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಬಂದಾಗ, ಬಂದು 12 ಗಂಟೆ ಆದಾಗ, 24 ಆದಾಗ, 48 ಆದಾಗ ಅಂತ ನಾಲ್ಕು ಮನೆ. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ನೂರಕ್ಕೆ ಎಷ್ಟು ಅಂತ), ಕಿಡ್ನಿಯ ಸ್ಥಿತಿ ಹೇಳುವ ಯೂರಿಯಾ, ಕ್ರಿಯಾಟಿನಿನ್, ಮತ್ತೆ ಕ್ಯಾಲ್ಸಿಯಂ, ಸಕ್ಕರೆ. ಕೆಳಗೆ ಉಸಿರಿನ ಲೆಕ್ಕ, ನಾಡಿ, ಎಷ್ಟು ಮೂತ್ರ ಹೋಯಿತು. ಮೈಯೊಳಗಿನ ಉರಿಯೂತ ಅಳೆಯುವ ಸಿಆರ್‌ಪಿಗೆ 48ರ ಮನೆಯಲ್ಲಿ ಮಾತ್ರ ಜಾಗ. ಅದು ನಿಧಾನಕ್ಕೆ ಏರುವಂಥದ್ದು, ಮೊದಲ ದಿನ ಕಡಿಮೆ ಇದೆ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಎರಡು ದಿನದ ಮೇಲೆ ಲೀಟರಿಗೆ 150 ಮಿಲಿಗ್ರಾಂ ದಾಟಿದ್ದರೆ ಎಚ್ಚರ. ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ, ಆಗ ಅದೇ 150 ಅನ್ನುವುದು 15 ಆಗಿ ಕಾಣುತ್ತದೆ. ಪಕ್ಕದ ಯುನಿಟ್ ಓದದೆ ಅಂಕಿ ಓದಬೇಡಿ.

ಯುನಿಟ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಈ ಕಾಯಿಲೆ ಎಷ್ಟು ಅಪಾಯದ್ದು ಅಂತ ಅಳೆಯಲು 2008ರಲ್ಲಿ ಬಂದ ಬೈಸ್ಯಾಪ್ ಅನ್ನುವ ಐದು ಅಂಕದ ಲೆಕ್ಕವಿದೆ. ಬಿಯುಎನ್, ಅಂದರೆ ರಕ್ತದ ಯೂರಿಯಾದಲ್ಲಿರುವ ನೈಟ್ರೋಜನ್, 25 ದಾಟಿದರೆ ಒಂದು ಅಂಕ. ಮಂಕು ಕವಿದಿದ್ದರೆ, ವಯಸ್ಸು 60 ದಾಟಿದ್ದರೆ, ಎದೆಯಲ್ಲಿ ನೀರು ತುಂಬಿದ್ದರೆ ಒಂದೊಂದು. ನಾಡಿ, ಉಸಿರು, ಜ್ವರ, ಬಿಳಿ ರಕ್ತಕಣ ಇವುಗಳಲ್ಲಿ ಎರಡು ಕೆಟ್ಟಿದ್ದರೆ ಇನ್ನೊಂದು. ಮೂರು ಬಂದರೆ ಅಪಾಯ ಜಾಸ್ತಿ. ಆದರೆ ನಮ್ಮ ಕಡೆಯ ಲ್ಯಾಬ್‌ಗಳು ಸಾಮಾನ್ಯವಾಗಿ ಕೊಡುವುದು ಬ್ಲಡ್ ಯೂರಿಯಾ. ಅದನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. ನಾನು ಆ ರಾತ್ರಿ 38 ಇದ್ದ ಯೂರಿಯಾವನ್ನೇ ಬಿಯುಎನ್ ಅಂದುಕೊಂಡು, ಅರವತ್ತೆರಡು ವರ್ಷದ ಒಬ್ಬ ಅಜ್ಜಿಗೆ ಮೂರು ಅಂಕ ಕೊಟ್ಟು ದಾವಣಗೆರೆಗೆ ಕಳಿಸಿದೆ. ನಿಜವಾದ ಲೆಕ್ಕದಲ್ಲಿ ಅದು 18ರ ಆಸುಪಾಸು. ಎರಡೇ ಅಂಕ. ಅವರು ಅಲ್ಲಿ ಬೇಗ ಹುಷಾರಾದರು. ಆದರೆ ಐಸಿಯು ಖರ್ಚಿಗೆ ಮಗ ಸಾಲ ಮಾಡಿದ್ದ ಅಂತ ಆಮೇಲೆ ಗೊತ್ತಾಯಿತು. ಆ ನೋವು ಇನ್ನೂ ಇದೆ. ಈಗ ಹಾಳೆಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಬೈಸ್ಯಾಪ್‌ಗೆ ಯೂರಿಯಾ 53 ದಾಟಬೇಕು, 25 ಅಲ್ಲ.

ಈ ಹಾಳೆಯ ಬೆಲೆ ನನಗೆ ಚೆನ್ನಾಗಿ ಗೊತ್ತಾದದ್ದು ಚಳ್ಳಕೆರೆ ಕಡೆಯ ಒಬ್ಬ ಲಾರಿ ಡ್ರೈವರ್‌ನಿಂದ. ಮೂವತ್ತಾರು ವಯಸ್ಸು. ಮೂರು ದಿನ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ, ರಾತ್ರಿ ಹನ್ನೊಂದಕ್ಕೆ ಬಂದ. ಮಲಗಲು ಆಗುತ್ತಿರಲಿಲ್ಲ. ದಿಂಬು ಅವುಚಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ. "ಬೆನ್ನಿಗೆ ಹೊಡೀತೈತೆ ಸಾ" ಅನ್ನುವುದು ಬಿಟ್ಟರೆ ಮಾತಿಲ್ಲ. ಲೈಪೇಸ್ ಥರದ್ದೇ ಇನ್ನೊಂದು ಜೀರ್ಣರಸ ಅಮೈಲೇಸ್, ಅದು ನಾರ್ಮಲ್ ಬಂತು. ಅಷ್ಟರಲ್ಲಿ ಲ್ಯಾಬ್ ಹುಡುಗ ಟ್ಯೂಬ್ ಹಿಡಿದುಕೊಂಡೇ ಓಡಿ ಬಂದ. "ಸರ್, ಒಂದ್ಸಲ ನೋಡಿ." ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ಇರಬೇಕಾದ ಕಡೆ ಗಟ್ಟಿ ಹಾಲು. ಟ್ಯೂಬ್ ಹಿಂದೆ ಬೆರಳಿಟ್ಟರೆ ಬೆರಳು ಕಾಣಲಿಲ್ಲ. ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 3,200. ಸಾವಿರ ದಾಟಿದರೇ ಪ್ಯಾಂಕ್ರಿಯಾಸ್‌ಗೆ ಕುತ್ತು ಬರಬಹುದು. ಇಂಥ ರಕ್ತದಲ್ಲಿ ಅಮೈಲೇಸ್ ನಾರ್ಮಲ್ ಅಂತ ಮೋಸ ಮಾಡುತ್ತದೆ, ಸೋಡಿಯಂ ಕೂಡ ಸುಳ್ಳು ಸುಳ್ಳೇ ಕಡಿಮೆ ಬರಬಹುದು. ಲೈಪೇಸ್ 610. ಹೊಳಲ್ಕೆರೆ ಹುಡುಗಿಯ ಕಾಲು ಭಾಗ.

ಅವನ ಪಿಸಿವಿ 49, ಯೂರಿಯಾ 44. ಪ್ಯಾಂಕ್ರಿಯಾಸ್ ಉರಿಯುವಾಗ ರಕ್ತನಾಳದಿಂದ ನೀರು ಸೋರಿ ಹೊರಗೆ ಹೋಗುತ್ತದೆ, ಒಳಗೆ ರಕ್ತ ಮಂದವಾಗುತ್ತದೆ. ಪಿಸಿವಿ 44ರ ಮೇಲಿದ್ದು, ಡ್ರಿಪ್ ಕೊಟ್ಟರೂ 24 ಗಂಟೆಯಲ್ಲಿ ಇಳಿಯದಿದ್ದರೆ ಪ್ಯಾಂಕ್ರಿಯಾಸ್ ಕೊಳೆಯುವ ಭಯ ಜಾಸ್ತಿ. ಇಲ್ಲೊಂದು ಮಾತು. ನಮ್ಮ ಹಳ್ಳಿ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರು ಬಹಳ. ಮೊದಲೇ 29 ಇದ್ದವರಿಗೆ 37 ಬಂದರೆ ಅದೂ ಮಂದವಾದ ರಕ್ತವೇ. ಹಳೇ ರಿಪೋರ್ಟ್ ಇದೆಯಾ ಅಂತ ಕೇಳಿ, ನೋಡಿ.

ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಶುರು ಮಾಡಿದೆ, ಸಕ್ಕರೆಗೂ ಟ್ರೈಗ್ಲಿಸರೈಡ್‌ಗೂ ಇನ್ಸುಲಿನ್. ಮುಂಚೆ ಆಗಿದ್ದರೆ ಬಾಟಲಿ ಮೇಲೆ ಬಾಟಲಿ ಓಡಿಸುತ್ತಿದ್ದೆವು. 2022ರಲ್ಲಿ ವಾಟರ್‌ಫಾಲ್ ಅನ್ನುವ ಅಧ್ಯಯನ ಬಂತು. ಜೋರಾಗಿ ಡ್ರಿಪ್ ಕೊಟ್ಟವರಲ್ಲಿ 20.5%, ಹದವಾಗಿ ಕೊಟ್ಟವರಲ್ಲಿ 6.3% ಜನಕ್ಕೆ ಮೈಯಲ್ಲಿ ನೀರು ಜಾಸ್ತಿಯಾಯಿತು. ಜೋರಾಗಿ ಕೊಟ್ಟದ್ದರಿಂದ ಲಾಭವೂ ಕಾಣಲಿಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನಾನು ಕೆಜಿಗೆ ಗಂಟೆಗೆ ಒಂದೂವರೆ ಎಂಎಲ್ ಲೆಕ್ಕ ಹಿಡಿದು, ಹಾಳೆ ನೋಡಿಕೊಂಡು ಏರಿಸುವುದು, ಇಳಿಸುವುದು.

ಬೆಳಗ್ಗೆ ಹನ್ನೊಂದಕ್ಕೆ ಎರಡನೇ ಮನೆ ತುಂಬಿಸಿದೆ. ಪಿಸಿವಿ 50. ಯೂರಿಯಾ 63. ಕ್ಯಾಲ್ಸಿಯಂ 7.1, ಆಲ್ಬುಮಿನ್ ಅನ್ನುವ ಪ್ರೋಟೀನಿನ ಲೆಕ್ಕಕ್ಕೆ ಸರಿಮಾಡಿ ನೋಡಿದರೂ ಕಡಿಮೆಯೇ. ಆರು ಗಂಟೆಯಲ್ಲಿ 120 ಎಂಎಲ್ ಮೂತ್ರ. ಉಸಿರು ನಿಮಿಷಕ್ಕೆ 32. ಸ್ಕ್ಯಾನ್‌ಗೂ ಕಾಯಲಿಲ್ಲ, ಸಿಆರ್‌ಪಿಗೂ ಕಾಯಲಿಲ್ಲ. ಅವನ ಹೆಂಡತಿಯನ್ನು ಕೂರಿಸಿ ಹಾಳೆ ತೋರಿಸಿದೆ. "ನೋಡಮ್ಮಾ, ಇದು ನಿನ್ನೆ ರಾತ್ರಿದು, ಇದು ಈಗಿಂದು. ಇಳೀಬೇಕಾಗಿತ್ತು, ಏರಿದೆ. ಈಗ ಹೊರಟ್ರೆ ಇನ್ನೂ ಮಾತಾಡ್ತಾ ಹೋಗ್ತಾರೆ." ಆಕೆ ಬೇರೇನೂ ಕೇಳಲಿಲ್ಲ. "ಆ ಚೀಟಿ ನನ್ಗೆ ಕೊಡ್ರಿ ಸಾ" ಅಂದಳು. ಒಂದು ಕಾಪಿ ಕೊಟ್ಟೆ. ದಾವಣಗೆರೆಯ ಡ್ಯೂಟಿ ಡಾಕ್ಟರ್‌ಗೆ ಫೋನಿನಲ್ಲಿ ಅಂಕಿಗಳನ್ನು ಓದಿ ಹೇಳಿದೆ, ಬೆಡ್ ತಯಾರಿತ್ತು. ಅಲ್ಲಿ ಸೇರಿದ ರಾತ್ರಿಯೇ ವೆಂಟಿಲೇಟರ್ ಹಾಕಿದರು.

ಹನ್ನೊಂದು ದಿನ ಐಸಿಯು. ಎರಡನೇ ವಾರ ಮತ್ತೆ ಜ್ವರ ಬಂದಾಗ, ಕೊಳೆತ ಭಾಗಕ್ಕೆ ಸೋಂಕು ತಗುಲಿತಾ ಅಂತ ಪ್ರೊಕ್ಯಾಲ್ಸಿಟೋನಿನ್ ಅನ್ನುವ ರಕ್ತಪರೀಕ್ಷೆ ಮಾಡಿಸಿದ್ದರು. ಏರಿರಲಿಲ್ಲ. ಕಫದ ಜ್ವರ ಅಂತ ಆಮೇಲೆ ಗೊತ್ತಾಯಿತು.

ಈಗ ಮೂರು ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಎಣ್ಣೆ ಪದಾರ್ಥ ಕಡಿಮೆ, ಕುಡಿಯುವುದು ಪೂರ್ತಿ ನಿಂತಿದೆ, ಮಾತ್ರೆ ತಪ್ಪಿಸುವುದಿಲ್ಲ. ರೇಷನ್ ಕಾರ್ಡ್ ಇಟ್ಟುಕೊಂಡಿರುವ ಪ್ಲಾಸ್ಟಿಕ್ ಕವರಿನಲ್ಲಿ ಆ ಹಾಳೆಯೂ ಇದೆ. ಹಿಂಭಾಗದಲ್ಲಿ ಆಕೆ ಪ್ರತಿ ಸಲದ ಟ್ರೈಗ್ಲಿಸರೈಡ್ ಬರೆಸಿಕೊಳ್ಳುತ್ತಾಳೆ. ಕಳೆದ ಸಲ 310 ಇತ್ತು. "ಇನ್ನೂ ಇಳೀಬೇಕಲ್ವಾ ಸಾ?" ಅಂದಳು. ಹೌದಮ್ಮಾ, ಇನ್ನೂ ಇಳಿಯಬೇಕು ಅಂದೆ.